ಹತ್ತು ಗಂಟೆಯ ಸಹಿ

ಮೇಲಿನ ಕೋಣೆಯಲ್ಲಿ ಒಬ್ಬ ರಾಜಕುಮಾರಿ ಇದ್ದಾಳೆ ಎಂದು ನಾನು ಮದುವೆಯಾಗಿ ಈ ಮನೆಗೆ ಬಂದ ವಾರವೇ ಅತ್ತೆ ಹೇಳಿದ್ದರು. ಹಿಂಬಾಗಿಲಿನ ಚಿಲಕ ಸರಿಯಿಲ್ಲ, ಕೊಳಾಯಿಯಲ್ಲಿ ನೀರು ಎಂಟಕ್ಕೆಲ್ಲ ನಿಂತುಹೋಗುತ್ತದೆ, ಮೇಲೆ ರಾಜಕುಮಾರಿ ಇದ್ದಾಳೆ. ಮೂರನ್ನೂ ಒಂದೇ ಉಸಿರಿನಲ್ಲಿ ಹೇಳಿದರು. ಹೊಸ ಸೊಸೆಯನ್ನು ಆಡಿಸಿ ನೋಡುತ್ತಿದ್ದಾರೆ ಅಂದುಕೊಂಡು ನಾನು ನಕ್ಕುಬಿಟ್ಟೆ.

ಮರುದಿನ ಕೊಳಾಯಿಯ ಬಳಿ ಅವಳು ಸಿಕ್ಕಳು. ನಲವತ್ತರ ಆಚೀಚೆ ವಯಸ್ಸು, ತೆಳ್ಳನೆಯ ಮೈ, ತೇಪೆ ಹಾಕಿದ್ದರೂ ಸುಕ್ಕಿಲ್ಲದ ಬಟ್ಟೆ. ಬಲಗೈ ತೋರುಬೆರಳಿನ ತುದಿ ಸೂಜಿ ಚುಚ್ಚಿ ಚುಚ್ಚಿ ಜರಡಿಯಂತಾಗಿತ್ತು. ಕೊಡವನ್ನು ಸೊಂಟಕ್ಕೆ ಏರಿಸುವಾಗ ಅರ್ಧ ನೀರು ಕಾಲ ಮೇಲೆ ಚೆಲ್ಲಿಕೊಂಡಳು. ಇಪ್ಪತ್ತು ವರ್ಷ ಹೊತ್ತರೂ ಆ ಕೊಡ ಅವಳ ಸೊಂಟದಲ್ಲಿ ಕೂರುವುದನ್ನು ಕಲಿತಿರಲಿಲ್ಲ.

"ಕೊಡಿ, ನಿಮ್ಮದನ್ನೂ ನಾನೇ ತರ್ತೀನಿ" ಅಂದೆ.

"ನೀವು ಗೀವು ಬೇಡಮ್ಮ. ಅದನ್ನ ಹತ್ತೊಂಬತ್ತು ವರ್ಷ ಕೇಳಿ ಹೊಟ್ಟೆ ತುಂಬಿದೆ. ಅಕ್ಕ ಅನ್ನು, ನೀನು ಅನ್ನು. ಕೊಡ ಬೇಕಾದ್ರೆ ತಗೊಂಡು ಹೋಗು."

ಊರಿನವರಿಗೆಲ್ಲ ಅವಳು ಕಾಜಾ ಅಕ್ಕ. ಬೀದಿಯ ಕೊನೆಯ ದರ್ಜಿ ಅಂಗಡಿಯಿಂದ ಹೊಲಿದ ಅಂಗಿಗಳ ಗಂಟು ತಂದು, ಗುಂಡಿ ತೂರುವ ತೂತುಗಳಿಗೆ ಸುತ್ತ ದಾರ ಸುತ್ತಿ ಕಾಜಾ ಮಾಡಿಕೊಡುವುದು ಅವಳ ಕೆಲಸ. ಅರಮನೆಯಲ್ಲಿ ಕಲಿತದ್ದರಲ್ಲಿ ಹೊಟ್ಟೆಗೆ ಆದದ್ದು ಸಣ್ಣ ಹೊಲಿಗೆ ಒಂದೇ ಎಂದು ನಗುತ್ತಿದ್ದಳು. "ವೀಣೆಯನ್ನೂ ಕಲಿಸಿದ್ರು. ಅದನ್ನ ನುಡಿಸಿದ್ರೆ ಕೆಳಗಿಂದ ನಿಮ್ಮತ್ತೆ ಪೊರಕೆ ತಗೊಂಡು ಬರ್ತಾರೆ."

ಅವಳ ಕಥೆಯನ್ನು ಅವಳು ಒಂದೇ ಸಲ ಹೇಳಲಿಲ್ಲ. ನಾನು ಬಸುರಿಯಾಗಿ ಮೆಟ್ಟಿಲು ಹತ್ತಿ ಅವಳ ಮಂಚದ ಮೇಲೆ ಕಾಲು ಚಾಚುತ್ತಿದ್ದ ಮಧ್ಯಾಹ್ನಗಳಲ್ಲಿ, ಒಂದು ಕಾಜಾಕ್ಕೂ ಇನ್ನೊಂದಕ್ಕೂ ನಡುವೆ, ತುಂಡು ತುಂಡಾಗಿ ಹೇಳಿದಳು. ನಾನು ದಿನಚರಿಯಲ್ಲಿ ಬರೆದಿಟ್ಟುಕೊಂಡದ್ದನ್ನು ಜೋಡಿಸಿದರೆ ಇಷ್ಟು: ಬೆಟ್ಟಗಳ ಆಚೆಗಿನ ಚಿಕ್ಕ ರಾಜ್ಯ ಅವಳ ತಂದೆಯದು. ತಂದೆಗೆ ಸಂಶಯದ ಕಾಯಿಲೆ. ತನ್ನ ಅತ್ಯಂತ ಹಳೆಯ ಸಾಮಂತನನ್ನೇ ದ್ರೋಹಿ ಎಂದು ಕೋಟೆಯ ಬಾಗಿಲಲ್ಲಿ ನೇಣಿಗೆ ಹಾಕಿಸಿದ. ಆಗ ಅವಳಿಗೆ ಹದಿನಾರು. ಮೂರು ವರ್ಷಕ್ಕೆ ಜನ ಎದ್ದು ಅರಮನೆಯ ಬಾಗಿಲು ಮುರಿದರು. ತಂದೆ ಸತ್ತ. ಮಗಳನ್ನು ಏನು ಮಾಡುವುದೆಂದು ಯಾರಿಗೂ ತೋಚದೆ ಗಡಿ ದಾಟಿಸಿ, ನಮ್ಮ ಊರಿನಲ್ಲಿರಿಸಲು ಇಲ್ಲಿಯ ಸರ್ಕಾರವನ್ನು ಒಪ್ಪಿಸಿದರು. ಅದಕ್ಕೆ ಕೆಲವು ಷರತ್ತುಗಳು. ಊರು ಬಿಡಕೂಡದು. ರಾಜಕುಮಾರಿ ಎಂಬ ಬಿರುದನ್ನು ಹೇಳಕೂಡದು, ಬರೆಯಕೂಡದು. ಪ್ರತಿದಿನ ಹತ್ತರಿಂದ ಹತ್ತೂಕಾಲರ ಒಳಗೆ ಕಚೇರಿಗೆ ಬಂದು ಪುಸ್ತಕದಲ್ಲಿ ಬರಿಯ ಹೆಸರನ್ನು ಸಹಿ ಮಾಡಬೇಕು. ಇದರಲ್ಲಿ ಯಾವುದು ತಪ್ಪಿದರೂ ಬೆಟ್ಟದ ಮೇಲಿನ ಸೆರೆಮನೆ. ಅಲ್ಲಿಗೆ ಹೋದವರು ಯಾರೂ ಇಳಿದು ಬಂದದ್ದಿಲ್ಲ.

ಅವಳ ಹತ್ತಿರ ಹೆಚ್ಚು ಓಡಾಡಿದವರ ಹೆಸರೂ ಕಚೇರಿಯಲ್ಲಿ ದಾಖಲಾಗುತ್ತದೆ ಎಂಬ ಸುದ್ದಿ ಮೊದಲಿನಿಂದಲೇ ಇತ್ತು. ಆದ್ದರಿಂದ ಯಾರೂ ಬರುತ್ತಿರಲಿಲ್ಲ. ಒಬ್ಬರ ದನಿ ಕೇಳಬೇಕೆಂದೇ ಅಂಗಡಿಗೆ ಹೋಗಿ, ಕೊಳ್ಳದ ಸಾಮಾನಿಗೆಲ್ಲ ಬೆಲೆ ಕೇಳಿ ಬರುತ್ತಿದ್ದೆ ಎಂದು ಒಮ್ಮೆ ಹೇಳಿದಳು. "ನಿನಗೆ ಹೆದರಿಕೆ ಇಲ್ವೇನೇ?" ಎಂದು ಕೇಳಿದಾಗ, "ನನಗೆ ಬೆನ್ನು ನೋವು. ನಿನ್ನ ಮಂಚ ಚೆನ್ನಾಗಿದೆ" ಅಂದಿದ್ದೆ.

ಇನ್ನು ಗುಮಾಸ್ತ ದೊರೆಯ ವಿಷಯ.

ಆ ಹೆಸರನ್ನು ಇಟ್ಟದ್ದು ಊರಿನವರು. ನೇಣಿಗೆ ಹೋದ ಸಾಮಂತನ ಹಿರಿಯ ಮಗ ಆತ. ತಲೆಮರೆಸಿಕೊಂಡು ಬೆಳೆದವನು. ಕಾಲ ಬದಲಾದ ಮೇಲೆ ಭೂಮಿ, ಮನೆ, ಗೌರವ ಎಲ್ಲ ಮರಳಿ ಬಂದಾಗ ಅದನ್ನು ತಮ್ಮನಿಗೆ ಬಿಟ್ಟು, ಈ ಊರಿಗೆ ಬಂದು, ಪರೀಕ್ಷೆ ಬರೆದು, ಕಚೇರಿಯಲ್ಲಿ ಸಹಿ ಪುಸ್ತಕದ ಗುಮಾಸ್ತನಾಗಿ ಕುಳಿತ. ಯಾಕೆ ಎಂದು ಕೇಳಿದವರಿಗೆ ಮುಚ್ಚುಮರೆಯಿಲ್ಲದೆ ಹೇಳುತ್ತಿದ್ದ: ಆ ಮನುಷ್ಯನ ಮಗಳು ದಿನಾ ನನ್ನ ಮುಂದೆ ನಿಲ್ಲೋದನ್ನ ನೋಡಬೇಕು. ಒಂದು ದಿನ ಅವಳು ತಪ್ಪಿಸಿದರೆ ಕೆಂಪು ಗೆರೆ ಎಳೆಯೋ ಕೈ ನನ್ನದಾಗಿರಬೇಕು.

ಅವನಿಗೆ ಮದುವೆಯಾಗಿರಲಿಲ್ಲ. "ಯಾರು ಹೆಣ್ಣು ಕೊಡ್ತಾರೆ ಅವನಿಗೆ? ದಿನಾ ಬೆಳಗ್ಗೆ ಸ್ನಾನ ಮಾಡಿ, ತಲೆ ಬಾಚಿಕೊಂಡು ಬೇರೆ ಹೆಂಗಸಿನ ಹತ್ರ ಹಗೆ ಸಾಧಿಸೋಕೆ ಹೋಗೋನಿಗೆ!" ಎನ್ನುತ್ತಿದ್ದರು ಅತ್ತೆ.

ಅವನು ಸಹಿಗೆ ಮೊದಲು ಮೂರು ಪ್ರಶ್ನೆ ಕೇಳುತ್ತಿದ್ದನಂತೆ. ನಿನ್ನ ಹೆಸರು? ತಂದೆಯ ಹೆಸರು? ಈಗ ಎಲ್ಲಿದ್ದಾರೆ? ಅವಳು ನಿಂತುಕೊಂಡೇ ಹೇಳಬೇಕು: ಸತ್ತುಹೋಗಿದ್ದಾರೆ. ನಿಯಮದಲ್ಲಿ ಈ ಪ್ರಶ್ನೆಗಳು ಇರಲಿಲ್ಲ. ಅವನೇ ಸೇರಿಸಿದ್ದು. ದಿನಕ್ಕೊಂದು ಸಲ, ಆರು ವರ್ಷ. ಒಂದು ದಿನ ಎರಡನೇ ಪ್ರಶ್ನೆಯಾದ ಮೇಲೆ ಅವನು ಪುಸ್ತಕವನ್ನು ಸುಮ್ಮನೆ ಅವಳ ಕಡೆಗೆ ತಿರುಗಿಸಿದ. ಅವಳು ಮೂರನೆಯದಕ್ಕೆ ಕಾಯುತ್ತಾ ನಿಂತಳು. ಅವನು ಕೇಳಲಿಲ್ಲ. "ಅವತ್ತು ಮನೆಗೆ ಬರೋವಾಗ ದಾರಿ ತಪ್ಪಿಬಿಟ್ಟೆ ಕಣೇ. ನೇರ ರಸ್ತೆ, ತಿರುವೇ ಇಲ್ಲ. ಆದ್ರೂ ಮೀನು ಮಾರುಕಟ್ಟೆ ಹತ್ರ ಹೋಗಿ ನಿಂತಿದ್ದೆ" ಅಂದಳು. ಆಮೇಲೆ ಐದು ವರ್ಷ ಅವರ ನಡುವೆ ಎರಡೇ ಪ್ರಶ್ನೆ, ಎರಡೇ ಉತ್ತರ.

ಮಗಳಿಗೆ ಏಳು ತಿಂಗಳಾಗಿದ್ದಾಗ ಊರಿಗೆ ಜ್ವರ ಬಂತು. ಬೀದಿಯಲ್ಲಿ ಜನ ಬಾಗಿಲು ಹಾಕಿಕೊಂಡು ಕುಳಿತರು. ಕಾಜಾ ಅಕ್ಕ ದಿನಾ ಸರಿಯಾಗಿ ಒಂಬತ್ತೂವರೆಗೆ ಮೆಟ್ಟಿಲು ಇಳಿಯುತ್ತಿದ್ದಳು. ನಮ್ಮ ಮನೆಯ ಗಡಿಯಾರಕ್ಕಿಂತ ಅವಳ ಚಪ್ಪಲಿಯ ಸದ್ದನ್ನೇ ಅತ್ತೆ ನಂಬುತ್ತಿದ್ದರು. ಆ ದಿನ ಸದ್ದು ಬರಲಿಲ್ಲ. ಮೇಲೆ ಹೋಗಿ ನೋಡಿದರೆ ಮಂಚದ ಪಕ್ಕ ನೆಲದ ಮೇಲೆ ಬಿದ್ದಿದ್ದಾಳೆ. ಒಂದು ಕಾಲಿಗೆ ಚಪ್ಪಲಿ ಹಾಕಿದ್ದಾಳೆ, ಇನ್ನೊಂದು ಕೈಯಲ್ಲಿದೆ. ಮೈ ಕಾದ ಕಾವಲಿ.

"ಹೊತ್ತಾಯ್ತಾ?" ಅಂದಳು, ಕಣ್ಣು ತೆರೆಯದೆ.

ನಮ್ಮ ಮನೆಯವರು ನದಿ ದಾಟಿಸುವ ದೋಣಿಯ ಕೆಲಸಕ್ಕೆ ಹೋಗಿದ್ದರು. ಪಕ್ಕದ ಮನೆಗಳ ಬಾಗಿಲು ತಟ್ಟಿದೆ. ಜ್ವರದವಳನ್ನು ಮುಟ್ಟಿ ಹೊರಲು ಯಾರೂ ಬರಲಿಲ್ಲ. ಕೆಳಗಿನಿಂದ ಅತ್ತೆ ಕೂಗಿದರು: "ಹಾಲು ಕುಡಿಯೋ ಮಗೂನ ಇಟ್ಕೊಂಡು ಅಲ್ಲಿಗೆ ಹೋಗ್ತೀಯಲ್ಲೇ, ತಲೆ ಕೆಟ್ಟಿದೆಯಾ?" ಕೂಗುತ್ತಲೇ ಒದ್ದೆ ಬಟ್ಟೆ, ನೀರಿನ ಪಾತ್ರೆ ಹಿಡಿದು ಮೇಲೆ ಬಂದರು. "ನೀನು ಕಚೇರಿಗೆ ಓಡು. ನಾನು ನೋಡ್ಕೋತೀನಿ. ನನಗೇನು, ಜ್ವರಾನೂ ನನ್ನ ಹತ್ರ ಬರೋಕೆ ಹೆದರುತ್ತೆ."

ಮಗು ಅಳುತ್ತಿತ್ತು. ಸೊಂಟಕ್ಕೇರಿಸಿಕೊಂಡು ಓಡಿದೆ.

ಕಚೇರಿಯೊಳಗೆ ನಾನು ಅದುವರೆಗೆ ಹೋಗಿರಲಿಲ್ಲ. ಉದ್ದನೆಯ ಮರದ ಕಟ್ಟೆ, ಗೋಡೆ ಗಡಿಯಾರ, ಕಪ್ಪು ಶಾಯಿಯ ಕುಡಿಕೆ, ಕೆಂಪು ಶಾಯಿಯ ಕುಡಿಕೆ. ಕಟ್ಟೆಯ ಈಚೆ ಕುರ್ಚಿ ಇರಲಿಲ್ಲ. ಆಚೆ ಅವನು ಕುಳಿತಿದ್ದ. ನಾನು ರಾಕ್ಷಸನನ್ನು ಕಲ್ಪಿಸಿಕೊಂಡಿದ್ದೆ. ತೋಳಿನ ಗುಂಡಿ ಕಿತ್ತುಹೋದ ಅಂಗಿ ಹಾಕಿಕೊಂಡ ಒಬ್ಬ ಬಡಕಲು ಮನುಷ್ಯ ಕಂಡ.

"ಕಾಜಾ ಅಕ್ಕನಿಗೆ ಜ್ವರ. ಎಚ್ಚರ ಇಲ್ಲ. ಬರೋಕಾಗಲ್ಲ" ಅಂದೆ.

"ಹೊತ್ತು ತರಬಹುದು. ನಿಯಮದಲ್ಲಿ ಅವಕಾಶ ಇದೆ."

"ಯಾರು ಹೊರ್ತಾರೆ? ಇದನ್ನ ಹೊರಲಾ, ಅವಳನ್ನ ಹೊರಲಾ?"

ಅವನು ಗಡಿಯಾರ ನೋಡಿದ. ಹತ್ತಕ್ಕೆ ಒಂದು ನಿಮಿಷ. ಹನ್ನೊಂದು ವರ್ಷ ಕಾದದ್ದು ಇದಕ್ಕೇ ಎಂದು ಅವನಿಗೆ ಗೊತ್ತಿತ್ತು, ನನಗೂ ಗೊತ್ತಿತ್ತು. ಅವನು ಏನನ್ನೂ ಮಾಡಬೇಕಾಗಿರಲಿಲ್ಲ. ಕಾಲುಗಂಟೆ ಸುಮ್ಮನೆ ಕುಳಿತಿದ್ದರೆ ಸಾಕಿತ್ತು. ಗಂಟೆ ಹತ್ತು ಹೊಡೆಯುವವರೆಗೂ ಅವನು ಅಲುಗಾಡಲಿಲ್ಲ. ಮಗು ಕೂಡ ಅಳು ನಿಲ್ಲಿಸಿ ಗಂಟೆಯ ಸದ್ದನ್ನು ಕೇಳುತ್ತಿತ್ತು.

ಆಮೇಲೆ ಪುಸ್ತಕ ಮುಚ್ಚಿ ಕೋಟಿನೊಳಗೆ ಸೇರಿಸಿಕೊಂಡು ಎದ್ದ. ಆ ಪುಸ್ತಕ ಕಟ್ಟೆ ದಾಟಕೂಡದು ಎಂಬ ಸೂಚನೆ ಅವನ ತಲೆಯ ಮೇಲೆಯೇ ಗೋಡೆಗೆ ತೂಗುತ್ತಿತ್ತು.

"ಮನೆ ಎಷ್ಟು ದೂರ?"

"ನಡೆದ್ರೆ ಎಂಟು ನಿಮಿಷ. ನೇರ ರಸ್ತೆ, ಮಹಡಿ ಇರೋ ಮನೆ."

"ಓಡಿದ್ರೆ?"

ನಾನು ಏದುಸಿರು ಬಿಡುತ್ತಾ ಬಾಗಿಲಿಗೆ ಬರುವಷ್ಟರಲ್ಲಿ ಅವನು ಮಂಚದ ಪಕ್ಕ ಮೊಣಕಾಲೂರಿ, ಪುಸ್ತಕವನ್ನು ಎರಡೂ ಕೈಯಲ್ಲಿ ಹಲಗೆಯಂತೆ ಹಿಡಿದಿದ್ದ. ಅತ್ತೆ ಅವಳ ತಲೆ ಎತ್ತಿ ಹಿಡಿದಿದ್ದರು. ಬೆರಳಿನ ನಡುವೆ ಲೇಖನಿ ಇಟ್ಟರು. ಅವಳ ಕೈ ತಾನಾಗಿ ಓಡಿತು. ಮೂರಕ್ಷರದ ಹೆಸರು ಬರೆಯಬೇಕಾದ ಕೈ ನಿಲ್ಲಲೇ ಇಲ್ಲ. ಚಿಕ್ಕಂದಿನಲ್ಲಿ ಕಲಿತ ಅರಮನೆಯ ಲಿಪಿಯಲ್ಲಿ, ಒಂದು ಸಾಲು ಪೂರ್ತಿ ತುಂಬಿ, ಕೊನೆಯಲ್ಲಿ ಒಂದು ಸುಳಿ ಹಾಕಿ ನಿಂತಿತು.

ಅವನು ಅದನ್ನು ಓದಿದ. ಮತ್ತೊಮ್ಮೆ ಓದಿದ.

"ಏನು ಬರೆದಳು?" ಅಂತ ಕೇಳಿದೆ.

"ಅವಳ ಹೆಸರು. ಬಿರುದಿನ ಸಮೇತ."

ಆ ಪುಸ್ತಕದ ಪುಟಗಳಿಗೆಲ್ಲ ಸಂಖ್ಯೆ ಹಾಕಿ ಮುದ್ರೆ ಒತ್ತಿರುತ್ತದೆ. ಹರಿಯುವಂತಿಲ್ಲ, ಕೆರೆಯುವಂತಿಲ್ಲ. ಅವನು ಒತ್ತುಕಾಗದ ಇಟ್ಟು ಶಾಯಿಯನ್ನು ಮೆಲ್ಲಗೆ ಒಣಗಿಸಿ, ಎದ್ದು ಮತ್ತೆ ಓಡಿದ. ಹತ್ತೂಕಾಲಕ್ಕೆ ಪುಸ್ತಕ ಕಟ್ಟೆಯ ಮೇಲಿತ್ತು. ಆ ದಿನ ನನ್ನ ದಿನಚರಿಯಲ್ಲಿ ಇರುವುದು ಎರಡೇ ಸಾಲು: ಮಗುವಿಗೆ ಕೆಳಗಿನ ಹಲ್ಲು ಕಾಣಿಸಿದೆ. ಅವನು ಗೆರೆ ಎಳೆಯಲಿಲ್ಲ.

ಮರುದಿನದಿಂದ ನಮ್ಮ ಮನೆಯವರು ರಜೆ ಹಾಕಿ, ಸ್ನೇಹಿತನೊಬ್ಬನನ್ನು ಕಾಡಿ ಬೇಡಿ ಕರೆತಂದು, ಅವಳನ್ನು ಕುರ್ಚಿಯಲ್ಲಿ ಕೂರಿಸಿ ಹೊತ್ತುಕೊಂಡು ಹೋದರು. ಆರನೇ ದಿನ ಅವಳು ತಾನೇ ನಡೆದು ಹೋದಳು. ಪುಸ್ತಕದಲ್ಲಿ ತನ್ನ ಮೋಟು ಸಹಿಗಳ ಮೇಲೆ ಆ ಉದ್ದ ಸಾಲನ್ನು ಕಂಡಳು. "ಇದು ನಾನೇ ಬರೆದದ್ದಾ?" ಎಂದು ಕೇಳಿದಳಂತೆ. ಕಟ್ಟೆಯ ಈಚೆ ಹೊಸದಾಗಿ ಒಂದು ಕುರ್ಚಿ ಬಂದಿತ್ತು. "ನೀವು ಕೂತ್ಕೊಳ್ಳಿ" ಅಂದನಂತೆ.

"ನೀವು ಅಂದ ಕಣೇ" ಎಂದು ಮನೆಗೆ ಬಂದು ನನಗೆ ಹೇಳಿದಳು.

"ನಿನಗೆ ಅದು ಕೇಳಿ ಹೊಟ್ಟೆ ತುಂಬಿತ್ತಲ್ಲ?"

"ಮತ್ತೆ ಹಸಿವಾಗಿತ್ತು ಅಂತ ಕಾಣುತ್ತೆ."

ವರ್ಷಕ್ಕೊಮ್ಮೆ ತನಿಖೆಯ ಅಧಿಕಾರಿ ಬಂದು ಪುಸ್ತಕದ ಪುಟ ಪುಟವನ್ನೂ ನೋಡುತ್ತಾರೆ. ಅದಕ್ಕೆ ಇನ್ನೂ ನಾಲ್ಕು ತಿಂಗಳಿತ್ತು. ಆ ನಾಲ್ಕು ತಿಂಗಳು ಅವರಿಬ್ಬರಿಗೆ ದಿನಕ್ಕೆ ಕಾಲುಗಂಟೆ ಸಿಕ್ಕಿತು. ಅವರ ಪ್ರೇಮ ಎಂದು ಯಾವುದನ್ನಾದರೂ ಕರೆಯುವುದಾದರೆ ಅಷ್ಟೇ. ಮಾತೆಲ್ಲ ಬಿಟ್ಟುಬಂದ ಊರಿನದೇ: ಕೋಟೆಯ ಹಿಂದಿನ ಕೆರೆಯಲ್ಲಿ ಈಗಲೂ ಬಾತುಗಳು ಇವೆಯೇ, ಸೇತುವೆಯ ಮೂರನೇ ಕಮಾನು ಬಿದ್ದದ್ದು ನಿಜವೇ. ಒಂದು ದಿನ ಅವನ ತೋಳಿನ ಗುಂಡಿ ಹಾಕಿಕೊಟ್ಟಳು. ಸೂಜಿ ದಾರ ಹಿಡಿದುಕೊಂಡೇ ಹೋಗಿದ್ದಳು ಎಂಬುದನ್ನು ನಾನು ಗಮನಿಸಿದ್ದೆ. ಅವಳು ಮೆಟ್ಟಿಲು ಹತ್ತುವಾಗ ಸಣ್ಣಗೆ ಏನೋ ಗುನುಗುತ್ತಿದ್ದಳು. ಆಮೇಲೆ ಕೋಣೆಯ ಬಾಗಿಲು ಹಾಕಿದ ಸದ್ದು, ಅದಾದ ಮೇಲೆ ಇಡೀ ದಿನ ಏನೂ ಕೇಳುತ್ತಿರಲಿಲ್ಲ. ಉಳಿದ ಇಪ್ಪತ್ತಮೂರೂ ಮುಕ್ಕಾಲು ಗಂಟೆ ಮೊದಲಿಗಿಂತ ಉದ್ದವಾಗಿದೆ ಎಂದು ಒಮ್ಮೆ ಹೇಳಿದಳು.

ಅಧಿಕಾರಿ ಬರುವ ಹಿಂದಿನ ದಿನ ಅವಳು ಬೇಗ ಮನೆಗೆ ಬಂದಳು. ನಾನು ಮಗುವಿಗೆ ಅನ್ನ ಕಲಸುತ್ತಿದ್ದೆ.

"ಆ ಸಾಲನ್ನ ತಾವೇ ಬರೆದದ್ದು ಅಂತ ಗುಮಾಸ್ತರು ಹೇಳ್ತಾರಂತೆ. ನನ್ನ ಸಹಿಯ ಜಾಗದಲ್ಲಿ ಬೇಕಂತಲೇ ಬಿರುದು ಬರೆದು ನನ್ನನ್ನ ಸಿಕ್ಕಿಸೋಕೆ ನೋಡಿದೆ ಅಂತ. ಅವರ ಹಗೆ ಊರಿಗೆಲ್ಲ ಗೊತ್ತು, ಎಲ್ಲರೂ ನಂಬ್ತಾರಂತೆ. ನಾನು ಹೌದು ಅನ್ನಬೇಕಂತೆ."

"ನೀನೇನಂದೆ?"

"ಆಗಲ್ಲ ಅಂದೆ. ಅದು ನನ್ನ ಹೆಸರು. ನಾನೇ ಬರೆದದ್ದು. ನಾಳೆ ಹಾಗೇ ಹೇಳ್ತೀನಿ, ಬೆಟ್ಟಕ್ಕೆ ಹೋಗ್ತೀನಿ."

ನನಗೆ ಸಿಟ್ಟು ಬಂತು. "ನೀನು ಬೆಟ್ಟಕ್ಕೆ ಹೋದ್ರೆ ಅವರೇನು ಉಳೀತಾರಾ ಅಕ್ಕಾ? ಪುಸ್ತಕ ಆಚೆ ತಂದದ್ದು ಹೊರಗೆ ಬರುತ್ತೆ. ಅದಕ್ಕೆ ಅವರಿಗೂ ಶಿಕ್ಷೆ. ಇಬ್ಬರೂ ಹೋಗ್ತೀರಿ. ಅವರು ಹೇಳಿದ ಹಾಗೆ ಮಾಡಿದ್ರೆ ಒಬ್ಬರಾದ್ರೂ ಉಳೀತೀರಿ."

"ಉಳಿದು?"

ಅನ್ನದ ಬಟ್ಟಲನ್ನು ಅವಳ ಕೈಗೆ ಕೊಟ್ಟೆ. "ಇವಳಿಗೆ ನನ್ನ ಕೈಯಿಂದ ತಿನ್ನೋಕೆ ಮನಸ್ಸಿಲ್ಲ. ನೀನು ತಿನ್ನಿಸು" ಅಂದೆ. ಅವಳು ತಿನ್ನಿಸಿದಳು. ಬಟ್ಟಲು ಬರಿದಾಯಿತು. ಕೊನೆಗೆ ಮಗುವಿನ ಬಾಯಿ ಒರೆಸುತ್ತಾ ಅವಳು ಅಂದಳು: "ಹೌದು ಅನ್ನೋದನ್ನ ಎದುರಿಗೆ ನಿಂತು ಅನ್ನಬೇಕು ಕಣೇ. ಅವರ ಮುಖ ನೋಡಿಕೊಂಡು."

ಸಾಕ್ಷಿ ಎಂದು ನನ್ನನ್ನೂ ಕರೆದರು. ಜ್ವರದ ದಿನ ಅಕ್ಕ ಕಚೇರಿಗೆ ಹೋಗಿದ್ದಳೇ ಎಂದು ಅಧಿಕಾರಿ ಕೇಳಿದರು. ನಾನೇ ತೋಳು ಹಿಡಿದು ಕರೆತಂದೆ ಎಂದು ಕಣ್ಣು ಮಿಟುಕಿಸದೆ ಸುಳ್ಳು ಹೇಳಿದೆ.

ಗುಮಾಸ್ತ ದೊರೆ ಹನ್ನೊಂದು ವರ್ಷದ ಹಿಂದಿನ ದನಿಯನ್ನು ಹುಡುಕಿ ತೆಗೆದಿದ್ದ. "ಇವಳಪ್ಪ ನಮ್ಮಪ್ಪನ್ನ ಕೋಟೆ ಬಾಗಿಲಲ್ಲಿ ತೂಗುಹಾಕಿಸಿದ. ಮೂರು ದಿನ ಇಳಿಸೋಕೆ ಬಿಡಲಿಲ್ಲ. ಇವಳನ್ನ ಬೆಟ್ಟಕ್ಕೆ ಕಳಿಸಬೇಕು ಅಂತಲೇ ಬಂದೆ, ಅದಕ್ಕೇ ಬರೆದೆ. ಏನೀಗ?" ಎಲ್ಲವೂ ನಿಜ, ಕೊನೆಯ ಒಂದು ಮಾತು ಬಿಟ್ಟು. ಅದಕ್ಕೇ ಯಾರಿಗೂ ಅನುಮಾನ ಬರಲಿಲ್ಲ.

ಅಧಿಕಾರಿ ಅವಳ ಕಡೆ ತಿರುಗಿದರು. "ಈ ಮನುಷ್ಯ ನಿನಗೆ ಕೇಡು ಬಯಸಿದವನು ಹೌದಾ?"

ಅವಳು ಅವನ ಮುಖವನ್ನೇ ನೋಡಿದಳು. "ಹೌದು."

"ಎಷ್ಟು ದಿನದಿಂದ?"

"ಬಂದ ದಿನದಿಂದ. ಒಂದು ದಿನವೂ ತಪ್ಪದೆ."

"ಈ ಬರಹ ನಿನ್ನದಲ್ಲ?"

"ನನ್ನದಲ್ಲ. ಆ ಹೆಸರಿನವರು ಯಾರೂ ನನಗೆ ಗೊತ್ತಿಲ್ಲ."

ಅವರ ಮುಂದೆಯೇ ಒಂದು ಸಹಿ ಹಾಕಿಸಿ ಹೋಲಿಸಿದರು. ಜ್ವರದ ಕೈಗೂ ನೆಟ್ಟಗಿರುವ ಕೈಗೂ ಹೋಲಿಕೆ ಎಲ್ಲಿಂದ ಬರಬೇಕು? ಅವನಿಗೆ ಎರಡು ವರ್ಷ ಸೆರೆ, ಬೇರೆ ಊರಿನಲ್ಲಿ. ಆಮೇಲೂ ಈ ಊರಿನಲ್ಲಿ ವಾಸ ಮಾಡಕೂಡದು ಎಂದಾಯಿತು. ಹೊರಗೆ ಬರುವಾಗ ಜನ ಅವನಿಗೆ ಛೀಮಾರಿ ಹಾಕುತ್ತಿದ್ದರು. ಅದುವರೆಗೆ ಅವಳ ಬಾಗಿಲಿಗೆ ಬಾರದವರೆಲ್ಲ ಅವತ್ತು "ಅಯ್ಯೋ ಪಾಪ, ಎಂಥಾ ಪಾಪಿ ಕೈಗೆ ಸಿಕ್ಕಿದ್ದೆ" ಎನ್ನುತ್ತಾ ಅವಳನ್ನು ಸುತ್ತಿಕೊಂಡರು. ಅವಳು ತಲೆಯಾಡಿಸುತ್ತಲೇ ಇದ್ದಳು. ತಲೆಯಾಡಿಸದಿದ್ದರೆ ಅವನು ಹೋದದ್ದು ದಂಡವಾಗುತ್ತಿತ್ತು.

ಕಾಗದ ಬರೆಯುವಂತಿರಲಿಲ್ಲ, ಒಡೆದು ಓದುತ್ತಾರೆ. ಹೊಸ ಗುಮಾಸ್ತ ತಲೆ ಎತ್ತದೆ ಪುಸ್ತಕ ತಳ್ಳುತ್ತಾನೆ. ಎರಡು ವರ್ಷ ಕಳೆಯಿತು. ಅವಳು ಹತ್ತಕ್ಕೆ ಹೋದಳು, ಹತ್ತೂ ಐದಕ್ಕೆ ಹೊರಗೆ ಬಂದಳು.

ಹೋದ ತಿಂಗಳು ತರಕಾರಿ ತರಲು ಹೋದವಳು ಕಚೇರಿಯ ಎದುರಿನ ಕಲ್ಲುಬೆಂಚಿನ ಮೇಲೆ ಅವನನ್ನು ಕಂಡೆ. ಕೂದಲು ಪೂರ್ತಿ ನೆರೆತಿತ್ತು. ಚೀಲ ಹಿಡಿದುಕೊಂಡೇ ಮನೆಗೆ ಓಡಿ ಬಂದು ಅಕ್ಕನಿಗೆ ಹೇಳಿದೆ. ದಿಢೀರನೆ ನೋಡಿ ಬೀದಿಯಲ್ಲಿ ಬೆಚ್ಚಿಬಿದ್ದರೆ ಎಲ್ಲ ಹಾಳಾಗುತ್ತಿತ್ತು.

ಅವಳು ಸೂಜಿಯನ್ನು ಅಂಗಿಗೆ ಚುಚ್ಚಿಟ್ಟು, ತುಂಬ ಹೊತ್ತು ಕೈ ತೊಳೆದಳು. "ನೀನೂ ಬಾ. ಪುಟ್ಟೀನೂ ಕರ್ಕೋ" ಅಂದಳು.

ಸಹಿ ಮುಗಿಸಿ ಹೊರಗೆ ಬಂದಾಗ ಬೀದಿಯಲ್ಲಿ ಜನ ಇದ್ದರು, ಕಿಟಕಿಯಲ್ಲಿ ಹೊಸ ಗುಮಾಸ್ತನೂ ಇದ್ದ. ಮೂರು ದಾಟಿದ ನನ್ನ ಮಗಳು ಕೈ ಕೊಸರಿಕೊಂಡು ಬೆಂಚಿನ ಹತ್ತಿರ ಹೋಗಿ ನಿಂತಳು. ಯಾರನ್ನು ಕಂಡರೂ ಹೋಗಿ ಮುಂದೆ ನಿಲ್ಲುವುದು ಅವಳ ಚಾಳಿ. ಅಕ್ಕ ಅವಳ ಹಿಂದೆ ಹೋಗಿ, ಅವನಿಗೆ ಬೆನ್ನು ಮಾಡಿ ಕುಕ್ಕರುಗಾಲಲ್ಲಿ ಕುಳಿತು, ಮಗುವಿನ ಅಂಗಿಯ ಸರಿಯಾಗಿದ್ದ ಗುಂಡಿಗಳನ್ನು ಬಿಚ್ಚಿ ಮತ್ತೆ ಹಾಕತೊಡಗಿದಳು. ನಾನು ಅವರ ಮತ್ತು ಕಿಟಕಿಯ ನಡುವೆ ಚೀಲ ಇಳಿಸಿ, ತರಕಾರಿ ಆರಿಸುವವಳಂತೆ ನಿಂತೆ.

"ಮಗು, ಮನೇಲಿ ಎಲ್ಲರೂ ಚೆನ್ನಾಗಿದ್ದಾರಾ?" ಎಂದು ಅವನು ಕೇಳಿದ.

"ಚೆನ್ನಾಗಿದ್ದಾರೆ ಅನ್ನು ಪುಟ್ಟಿ" ಅಂದಳು ಅಕ್ಕ, ಗುಂಡಿಯನ್ನೇ ನೋಡುತ್ತಾ.

"ಚೆನ್ನಾಗಿದ್ದಾರೆ."

"ಜ್ವರ ಮತ್ತೆ ಬಂದಿತ್ತಾ ಅಂತ ಕೇಳು" ಎಂದು ಅವನು ಕೆಮ್ಮಿದ.

"ಬಂದಿಲ್ಲ ಅನ್ನು. ಆ ಕೆಮ್ಮು ಏನು ಅಂತ ಕೇಳು."

"ಕೆಮ್ಮು ಏನು?" ಮಗಳಿಗೆ ಇದು ಹೊಸ ಆಟ. ನನ್ನ ಮೇಲೆ ಮುನಿಸಿಕೊಂಡಾಗ ಅವಳಪ್ಪ ಅವಳ ಮೂಲಕವೇ ಸಾರು ಬಡಿಸಲು ಹೇಳುವುದುಂಟು. ಅದೇ ಹುಮ್ಮಸ್ಸಿನಲ್ಲಿ ಅತ್ತ ಇತ್ತ ತಲೆ ತಿರುಗಿಸುತ್ತಿದ್ದಳು.

"ಅಲ್ಲಿ ಗೋಡೆ ಒದ್ದೆ ಇತ್ತು ಅನ್ನು. ಈಗ ಪರವಾಗಿಲ್ಲ. ತಮ್ಮನ ಮನೇಲಿ ಇದ್ದೀನಿ. ಕೆರೇಲಿ ಬಾತುಗಳು ಇವೆ ಅನ್ನು."

ಅಕ್ಕ ಕೊನೆಯ ಗುಂಡಿಯನ್ನು ಹಾಕಿದಳು. ಅವಳ ಬೆರಳು ಅದರ ಮೇಲೆ ಸ್ವಲ್ಪ ಹೊತ್ತು ಹಾಗೇ ಇತ್ತು.

"ಇನ್ನು ಬರಬೇಡಿ ಅನ್ನು ಪುಟ್ಟಿ. ಯಾರಾದ್ರೂ ನೋಡಿದ್ರೆ ಇಷ್ಟು ಮಾಡಿದ್ದೆಲ್ಲ ನೀರಿಗೆ ಹಾಕಿದ ಹಾಗೆ."

ಅಷ್ಟುದ್ದ ಮಾತು ಮಗಳಿಗೆ ಬರಲಿಲ್ಲ. "ಬರಬೇಡಿ" ಅಂದಳು.

"ಆಗಲಿ" ಅಂದ ಅವನು.

ಅಕ್ಕ ಎದ್ದು ಮಗುವನ್ನು ಸೊಂಟಕ್ಕೇರಿಸಿಕೊಂಡು ನಡೆದಳು. ನಾನು ಮಾತ್ರ ಒಮ್ಮೆ ತಿರುಗಿ ನೋಡಿದೆ. ಅವನು ನಮ್ಮ ಕಡೆ ನೋಡುತ್ತಿರಲಿಲ್ಲ. ಬೀದಿಗೆ ಎದುರಾಗಿ, ಗಾಡಿಗೆ ಕಾಯುವವನಂತೆ ಕುಳಿತಿದ್ದ.

ಮೆಟ್ಟಿಲು ಹತ್ತುವಾಗ ಮಗಳು ಕೇಳಿದಳು: "ದೊಡ್ಡಮ್ಮಾ, ಆ ತಾತ ಯಾರು?"

"ನಮ್ಮೂರಿನವರು" ಅಂದಳು ಅಕ್ಕ.